ಗೇಟಿನ ಬೋರ್ಡಿನ ಬೆಲೆ ನಮ್ಮ ಮನೆಯ ಬೆಲೆಯಲ್ಲ

ರಾತ್ರಿಯ ಗಾಳಿಗೆ ಟಣ್, ಟಣ್ ಎಂಬ ಸಣ್ಣ ಸದ್ದು. ಚಿದ್ರಿ ಬಡಾವಣೆಯ ಆ ಗಲ್ಲಿಯವರಿಗೆಲ್ಲ ಗೊತ್ತಿದ್ದ ಸದ್ದು ಅದು. ಬಾಬುಮಿಯಾ ತಮ್ಮ ಗೇಟಿಗೆ ಕಟ್ಟಿಸಿದ ತಗಡಿನ ಬೋರ್ಡು: ‘ಮನೆ ಮಾರಾಟಕ್ಕಿದೆ, ನಲವತ್ತು ಲಕ್ಷ.’ ಕಟ್ಟಿ ವರ್ಷ ದಾಟಿತ್ತು. ಪಕ್ಕದ ಮನೆಯ ಶಶಿಕಲಾಗೆ ಅಂದು ಮೊದಲ ಸಲ ಅನ್ನಿಸಿತು: ಅಷ್ಟು ಬೆಲೆ ಇದ್ದರೆ ಈ ಬೋರ್ಡು ಇನ್ನೂ ಯಾಕೆ ನೇತಾಡುತ್ತಿದೆ?

ಅವಳಿಗೆ ನಿದ್ದೆ ಬಾರದಿರಲು ಕಾರಣವಿತ್ತು. ಸಂಜೆ ಗಂಡ ನಂದಕುಮಾರ ಪೇಢೆ ಡಬ್ಬಿ ಹಿಡಿದು ಬಂದಿದ್ದ. ಔರಾದ ರಸ್ತೆಯಲ್ಲಿ ಒಂದು ಪ್ಲಾಟು ನೋಡಿದ್ದ. ಇರುವ ಮನೆಯ ಮೇಲೆಯೇ ಫೈನಾನ್ಸಿನವರಿಂದ ಇನ್ನೂ ಆರು ಲಕ್ಷ ಸಾಲ ಎತ್ತಿ ಅದನ್ನು ಹಿಡಿಯುತ್ತೇನೆಂದು ಭಾಲ್ಕಿಯಲ್ಲಿರುವ ತನ್ನ ಅಣ್ಣನಿಗೆ ಹೇಳಿಯೂ ಬಿಟ್ಟಿದ್ದ. ಮನೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿತ್ತು. ಶಶಿಕಲಾ ಸಹಿ ಹಾಕಿದರೆ ಪೇಢೆ ಹಂಚುವುದಷ್ಟೇ ಬಾಕಿ.

ಬೆಳಿಗ್ಗೆ ನಂದಕುಮಾರ ಲೆಕ್ಕ ಒಪ್ಪಿಸಿದ. ಮನೆ ನಲವತ್ತರದ್ದು, ತೀರಿಸಬೇಕಾದ ಸಾಲ ಇಪ್ಪತ್ತೆರಡು, ಉಳಿದ ಹದಿನೆಂಟು ಲಕ್ಷ ತಮ್ಮದೇ.

“ಗೋಡ್ಯಾಗ ಸುಮ್ನ ಕುಂತದ ರೊಕ್ಕ. ತಗದು ಬಳಸಿದ್ರ ತಪ್ಪೇನು?”

“ನಲ್ವತ್ತು ಅಂತ ಯಾರ್ ಹೇಳ್ಯಾರ್ರಿ?”

“ಬಾಬುಮಿಯಾನ ಬೋರ್ಡ್ ಕಾಣಂಗಿಲ್ಲೇನು? ಅದೇ ಅಳತಿ, ಅದೇ ಗಲ್ಲಿ.”

ಶಶಿಕಲಾ ನೇರವಾಗಿ ಕಾಂಪೌಂಡಿನ ಬಳಿ ಹೋಗಿ ನಲವತ್ತು ಲಕ್ಷದ ಲೆಕ್ಕ ಎಲ್ಲಿಂದ ಬಂತೆಂದು ಬಾಬುಮಿಯಾ ಅವರನ್ನೇ ಕೇಳಿದಳು. ನಂದಕುಮಾರನೂ ಹಿಂದೆ ಬಂದು ನಿಂತ.

“ನಿನ್ನ ಗಂಡನೇ ಹೇಳಿದ್ನಲ್ಲ ಬೇಟಿ, ನಿಮ್ಮ ಮನಿ ನಲ್ವತ್ತಕ್ಕ ಹೋಗ್ತದ ಅಂತ. ಅದನ್ನ ಕೇಳೇ ನಾನೂ ಬೋರ್ಡಿಗೆ ಬರಸೀನಿ. ಬಂದೋರು ಯಾರೂ ಮೂವತ್ತೆರಡು ದಾಟಂಗಿಲ್ಲ.”

ಒಳಗೆ ಬಂದ ಮೇಲೆ ನಂದಕುಮಾರ, ಮುಂದಿನ ವರ್ಷ ಬೆಲೆ ಏರುತ್ತದೆ ಎಂದ. ಶಶಿಕಲಾ ಬಿಡಲಿಲ್ಲ. ಮನೆಗೆ ನಿಜವಾಗಿ ಸಿಗುವ ಬೆಲೆಯಲ್ಲಿ ಬಾಕಿ ಸಾಲ ಕಳೆದರೆ ಉಳಿಯುವುದೇ ನಮ್ಮ ಪಾಲು ಎಂದು ಬಿಡಿಸಿ ಹೇಳಿದಳು. ಬೆಲೆ ಏರುತ್ತಿದ್ದಾಗ ಆ ಪಾಲು ತಾನಾಗಿಯೇ ಬೆಳೆಯಿತು. ಈಗ ಬೆಲೆ ನಿಂತಿದೆ. ಇನ್ನು ಅದು ಬೆಳೆಯುವುದು ಕಂತಿನಲ್ಲಿ ಅಸಲು ಕರಗಿದಷ್ಟೇ. ಮೂವತ್ತೆರಡರಲ್ಲಿ ಇಪ್ಪತ್ತೆರಡು ಹೋದರೆ ಹತ್ತು ಲಕ್ಷ. ಅದರ ಮೇಲೆ ಇನ್ನೂ ಆರು ಎತ್ತಿದರೆ ಉಳಿಯುವುದು ನಾಲ್ಕೇ. ಬೆಲೆ ಇಳಿದರೆ ಅದೂ ಕರಗುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ.

“ಅಣ್ಣನ ಮುಂದ ನನ್ನ ಮರ್ಯಾದಿ ಏನಾಗ್ತದ?”

“ಅಣ್ಣಗ ಮಾತು ಕೊಟ್ಟೋರು ನೀವು. ಮನಿ ಇಬ್ಬರ್ದೂ ಅದ. ಫೈನಾನ್ಸ್‌ನೋರು ಬರ್ಲಿ, ನಿಮ್ಮಣ್ಣ ಬರ್ಲಿ, ನಾ ಸಹಿ ಮಾಡಂಗಿಲ್ರಿ.”

ನಂದಕುಮಾರ ಪೇಢೆ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ. ಕೊನೆಗೆ ಮೆಲ್ಲಗೆ ಕೇಳಿದ: “ಹೊಸಾ ಕಂತಿಗಂತ ಇಟ್ಟಿದ್ದ ರೊಕ್ಕ ಈ ಮನಿ ಸಾಲಕ್ಕೇ ತುಂಬಿದ್ರ?”

“ಅಸಲಿಗೇ ಜಮಾ ಮಾಡ್ರಿ ಅಂತ ಸಾಲ ಕೊಟ್ಟೋರಿಗೆ ಬರದು ಕೊಡ್ರಿ. ಆವಾಗ ಪಾಲು ಖರೇನೇ ಬೆಳಿತದ.”

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಬೆಲೆಯನ್ನು ಬೋರ್ಡಿನಿಂದ ತಿಳಿಯಬೇಡಿ. ನಿಮ್ಮ ಗಲ್ಲಿಯಲ್ಲಿ ಈಚೆಗೆ ಮಾರಿದ ಮನೆ ನಿಜವಾಗಿ ಎಷ್ಟಕ್ಕೆ ಹೋಯಿತು ಎಂದು ವಿಚಾರಿಸಿ. ಅಸಲು ಎಷ್ಟು ಉಳಿದಿದೆ ಎಂದು ಸಾಲ ಕೊಟ್ಟವರನ್ನೇ ಕೇಳಿ, ಕಳೆದು ನೋಡಿ. ಅಲ್ಲಿಯವರೆಗೆ ಯಾರು ಎಷ್ಟೇ ಅವಸರ ಮಾಡಿದರೂ ಸಹಿ ಹಾಕಬೇಡಿ.

ಸಂಜೆ ಶಶಿಕಲಾ ಪೇಢೆಯ ತಟ್ಟೆಯನ್ನು ಕಾಂಪೌಂಡಿನ ಮೇಲಿಂದ ಬಾಬುಮಿಯಾಗೆ ಕೊಟ್ಟಳು. ಏನು ಖುಷಿ ಸುದ್ದಿ ಎಂದು ಅವರು ಕೇಳಿದರು. ಬಾಗಿಲಲ್ಲಿ ನಂದಕುಮಾರ ತಲೆ ತಗ್ಗಿಸಿ ನಿಂತಿದ್ದ. ಅವನ ಮರ್ಯಾದೆ ಉಳಿಯಲೆಂದು, ಮನೆಯ ಮೇಲೆ ಇನ್ನೊಂದು ಸಾಲ ಬೀಳುವುದರಲ್ಲಿತ್ತೆಂಬುದನ್ನು ಯಾರಿಗೂ ಹೇಳಬಾರದೆಂದು ಅವಳು ಆ ಕ್ಷಣವೇ ನಿರ್ಧರಿಸಿದಳು.

“ಸುಮ್ನ ತಂದೇವಿ ಚಾಚಾ, ತಿನ್ರಿ.”