ಅತ್ತೆಯನ್ನು ಕೂರಿಸುವ ಟೈರು

ಟೈರ್ ಅಂಗಡಿಯವನಿಗೆ ಬೆಳಿಗ್ಗೆಯೇ ತಲೆ ಕೆಟ್ಟುಹೋಗಿತ್ತು. ನಾಲ್ಕು ಟೈರ್ ಮಾರುವುದಕ್ಕೆ ಇಷ್ಟು ಬಾಯಿ ನೋಯಿಸಿಕೊಂಡಿದ್ದು ಅವನ ಜನ್ಮದಲ್ಲೇ ಇಲ್ಲ. ಈ ಡ್ರೈವಿಂಗ್ ಟೀಚರಮ್ಮ ಇದ್ದಾಳಲ್ಲ, ಟೈರನ್ನು ತಟ್ಟುತ್ತಾಳೆ, ಉಗುರಲ್ಲಿ ಕೆರೆಯುತ್ತಾಳೆ, ಗೀರುಗಳೊಳಗೆ ಬೆರಳು ತೂರಿಸಿ ಆಳ ನೋಡುತ್ತಾಳೆ. ಕೊನೆಗೆ ಮಂಡಿಯೂರಿ ಕೂತು ಮೂಸಿಯೂ ನೋಡಿದಳು.

“ಅಮ್ಮಾ, ನೀವು ಟೈರ್ ತಗೊಳ್ಳೋಕೆ ಬಂದಿದೀರೋ, ಅಳಿಯನ್ನ ಹುಡುಕೋಕೆ ಬಂದಿದೀರೋ?”

“ಅಳಿಯ ಜಾರಿದ್ರೆ ಮಗಳು ಮನೆಗೆ ವಾಪಸ್ ಬರ್ತಾಳೆ. ಟೈರ್ ಜಾರಿದ್ರೆ ನಮ್ಮತ್ತೆ ಬರಲ್ಲ. ಆ ಮೇಲಿನದು ಇಳಿಸಿ.”

ಅವನು ಗೊಣಗುತ್ತಾ ಏಣಿ ಹತ್ತಿದ.

ಅತ್ತೆಯ ವಿಷಯ ಸುಮ್ಮನೆ ಬಂದದ್ದಲ್ಲ. ಟೀಚರಮ್ಮ ದಿನವಿಡೀ ಡ್ರೈವಿಂಗ್ ಸ್ಕೂಲಿನ ಸುಸ್ತಾದ ಕಾರಿನಲ್ಲಿ, ಪಕ್ಕದ ಸೀಟಿನಲ್ಲಿ ಕೂತು, ಕಂಡವರ ತಪ್ಪುಗಳಿಗೆಲ್ಲ ಬ್ರೇಕ್ ಒತ್ತುವವಳು. ಕಲಿಸುವವರಿಗೆ ಅಂತಲೇ ಆ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದೆ. ಅವಳದೇ ಅಂತ ಇದ್ದದ್ದು ಒಂದೇ ಸುಖ: ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಿನ, ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು. ಆ ಎರಡನೇ ಸೀಟು ಅತ್ತೆಯದು. ಅತ್ತೆ ನಾಟಕದ ಥಿಯೇಟರಿನಲ್ಲಿ ಉಡುಪು ಹೊಲಿಯುವವಳು. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಹೊರಟರೆ ದಾರಿಯುದ್ದಕ್ಕೂ ಊರಿನವರನ್ನೆಲ್ಲ ಆಡಿಕೊಂಡು, ಸಾಲದ್ದಕ್ಕೆ ಮನೆಯ ಗಂಡಸರ ಮಾನ ಹರಾಜು ಹಾಕಿ, ಹೊಟ್ಟೆ ಹಿಡಿದುಕೊಂಡು ನಗುತ್ತಾ ಇಳಿಯುತ್ತಿದ್ದರು. ಅತ್ತೆ ಸೊಸೆ ಅಂದರೆ ಯಾರೂ ನಂಬುತ್ತಿರಲಿಲ್ಲ ಬಿಡಿ.

ಚಳಿ ಹಿಡಿದ ಒಂದು ಬೆಳಿಗ್ಗೆ, ಮಳೆ ನಿಂತ ರಸ್ತೆಯಲ್ಲಿ, ಆಸ್ಪತ್ರೆಯ ಪಕ್ಕದ ವೃತ್ತದಿಂದ ಹೊರಬೀಳುವಾಗ ಕಾರಿನ ಹಿಂಭಾಗ ಜಾರಿತು. ಬುಗುರಿಯ ಹಾಗೆ ಗಿರ್ರನೆ ತಿರುಗಿ ಬಂದ ದಾರಿಗೇ ಮುಖ ಮಾಡಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ, ಬಣ್ಣವೂ ಕಿತ್ತುಬರಲಿಲ್ಲ. ಅತ್ತೆ ಇಳಿದು, ಕೈಚೀಲ ಹೆಗಲಿಗೆ ಹಾಕಿಕೊಂಡು, ಒಂದು ಮಾತೂ ಆಡದೆ ಬಸ್ ಸ್ಟಾಪಿಗೆ ನಡೆದುಬಿಟ್ಟಳು. ಅವತ್ತಿನಿಂದ ಬಸ್ಸೇ. ಮನೆಯಲ್ಲಿ ಜಗಳವೂ ಇಲ್ಲ, ಮುಖ ಊದಿಸಿಕೊಳ್ಳುವುದೂ ಇಲ್ಲ. “ಸ್ವಲ್ಪ ನೀರು ಕೊಡಮ್ಮ”, “ದೀಪ ಆರಿಸಮ್ಮ”, ಇಷ್ಟೇ. ಮುಂಚೆ ‘ಕಣೇ’ ಅನ್ನುತ್ತಿದ್ದವಳ ಆ ಮರ್ಯಾದೆಯ ಮಾತೇ ಸೊಸೆಯ ಕರುಳು ಹಿಂಡುತ್ತಿತ್ತು. ಕಾರು ಮಾರಿಬಿಡು ಅಂತ ಗಂಡ ದಿನಾ ತಲೆ ತಿನ್ನುತ್ತಿದ್ದ. ಅವಳು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಕಾರು ಹೋದರೆ ಆ ಸೀಟೂ ಹೋಯಿತು. ಅತ್ತೆಯನ್ನು ಅದರಲ್ಲಿ ಮತ್ತೆ ಕೂರಿಸದೆ ಬಿಡುವುದಿಲ್ಲ ಅಂತ ಹಠ ಹಿಡಿದಿದ್ದಳು.

ಇದಕ್ಕೆಲ್ಲ ಮೂಲ ಈಗ ಅಂಗಡಿಯಲ್ಲಿ ಅವಳ ಜೊತೆಯಲ್ಲೇ ಹಲ್ಲು ಕಿರಿದುಕೊಂಡು ನಿಂತಿದ್ದ, ಅವಳ ಮೈದುನ. ರಜಾ ದಿನ ಬಂತೆಂದರೆ ರೇಸ್ ಟ್ರ್ಯಾಕಿಗೆ ಓಡುವ ಭೂಪ. ಈಗ ಕಾರಿನಲ್ಲಿರುವ ಟೈರು ಅವನೇ ಕೊಡಿಸಿದ್ದು. ನುಣ್ಣಗೆ, ಗೀರು ಕಡಿಮೆ, ನೋಡುವುದಕ್ಕೇನೋ ಬಹಳ ಗತ್ತು.

“ಅತ್ತಿಗೆ, ಮತ್ತೆ ಅದನ್ನೇ ಹಾಕಿಸಿ. ಅದಕ್ಕಿಂತ ಹಿಡಿತ ಇರೋ ಟೈರ್ ಇನ್ನೊಂದಿಲ್ಲ. ಆಣೆ ಮಾಡ್ತೀನಿ.”

“ಯಾವಾಗ ಹಿಡಿಯುತ್ತೆ ಅದು?”

“ನಾಲ್ಕು ಸುತ್ತು ಜೋರಾಗಿ ಹೊಡೆದ ಮೇಲೆ. ಬಿಸಿ ಏರಬೇಕಲ್ಲ.”

“ಅದು ಬಿಸಿ ಏರೋದ್ರೊಳಗೆ ನಾವು ಥಿಯೇಟರ್ ಬಾಗಿಲಲ್ಲಿ ಇರ್ತೀವಿ ಕಣಪ್ಪ. ತಣ್ಣಗಿದ್ದಾಗ ಅದು ಟೈರಲ್ಲ, ಬರೀ ಪ್ಲಾಸ್ಟಿಕ್ಕು. ನೀರು ಹೊರಗೆ ತಳ್ಳೋಕೆ ಗೀರೂ ಇಲ್ಲ. ನಿನ್ನ ಮಾತು ಕೇಳಿದ ನನಗೆ ಬುದ್ಧಿ ಇರಲಿಲ್ಲ, ಸುಮ್ನಿರು.”

ಅಂಗಡಿಯವನು ಸಂದು ಸಿಕ್ಕಿತೆಂದು ನುಗ್ಗಿದ. “ಹಾಗಾದ್ರೆ ಇದು ತಗೊಳ್ಳಿ. ಗಟ್ಟಿ ರಬ್ಬರು. ಕಾರು ಸವೆದ್ರೂ ಟೈರ್ ಸವೆಯಲ್ಲ!”

“ಸವೆಯದೇ ಇರೋದು ರಸ್ತೆ ಹೇಗ್ರೀ ಹಿಡಿಯುತ್ತೆ? ಬೇಡ.”

ಅವಳು ಕೈಯಿಟ್ಟದ್ದು ಮೂರನೆಯದರ ಮೇಲೆ. ವೇಗದ ಕಾರಿಗೇ ಮಾಡಿದ್ದು, ಆದರೆ ರಸ್ತೆಗೆ ಮಾಡಿದ್ದು. ಮೆತ್ತನೆಯ ರಬ್ಬರು, ನಡುವೆ ನೀರು ಹರಿದುಹೋಗಲು ಅಗಲವಾದ ಕಾಲುವೆಗಳು, ಒದ್ದೆಯಲ್ಲಿ ಬ್ರೇಕ್ ಹಿಡಿಯುವುದರಲ್ಲಿ ಮೊದಲ ದರ್ಜೆ. ಬೇಗ ಸವೆಯುತ್ತದೆ. ಸವೆಯಲಿ. ಆಮೇಲೆ ಟೈರಿನ ಪಕ್ಕೆಯ ಮೇಲಿನ ತಯಾರಿಕೆಯ ತಾರೀಖಿಗೆ ಟಾರ್ಚ್ ಬಿಟ್ಟಳು. ಅವನು ಇಳಿಸಿದ ನಾಲ್ಕರಲ್ಲಿ ಒಂದು ಜೋಡಿ ಹೊಸದು, ಇನ್ನೊಂದು ಜೋಡಿ ಗೋಡೌನಿನಲ್ಲಿ ವರ್ಷಗಟ್ಟಲೆ ಮಲಗಿದ್ದ ಮುದಿ ಸರಕು.

“ಇದನ್ನ ಬದಲಾಯಿಸಿ.”

“ಅಯ್ಯೋ, ಯಾರಿಗಮ್ಮಾ ಗೊತ್ತಾಗುತ್ತೆ?”

“ರಸ್ತೆಗೆ ಗೊತ್ತಾಗುತ್ತೆ. ನಾಲ್ಕೂ ಒಂದೇ ಜಾತಿ, ನಾಲ್ಕೂ ಹೊಸದು. ತರಿಸಿ, ಕಾಯ್ತೀನಿ.” ಅಂದವಳೇ ಹಳೇ ಟೈರಿನ ರಾಶಿಯ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತುಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಹೊಸ ಜೋಡಿ ಬಂತು. ಈಯಮ್ಮ ಅಂಗಡಿ ಬಿಟ್ಟು ಹೋದರೆ ಸಾಕಪ್ಪಾ ಅನ್ನುವಂತಾಗಿತ್ತು ಅವನಿಗೆ.

ಹೊಸ ಟೈರಿನ ಮೇಲಿನ ಜಿಡ್ಡು ಹೋಗುವ ತನಕ ಅವಳು ಪಕ್ಕದ ಸೀಟು ಖಾಲಿ ಇಟ್ಟುಕೊಂಡೇ ನಿಧಾನವಾಗಿ ಓಡಾಡಿದಳು. ಮಳೆ ಬಂದ ದಿನ ಅದೇ ವೃತ್ತಕ್ಕೆ ಹೋಗಿ ಸುತ್ತು ಹಾಕಿದಳು. ಕಾರು ರಸ್ತೆ ಕಚ್ಚಿಕೊಂಡು ತಿರುಗಿತು. ಖುಷಿಯಲ್ಲಿ ಒಬ್ಬಳೇ ಕುಣಿದುಬಿಡುವಂತಾಯಿತು. ಸೀದಾ ಮನೆಗೆ ಬಂದು ಅತ್ತೆಯ ಹೊಲಿಗೆ ಮೆಷಿನ್ ಎದುರು ನಿಂತಳು.

“ಅತ್ತೆ, ಟೈರ್ ಬದಲಾಯಿಸಿದೀನಿ. ಇನ್ನು ಜಾರಲ್ಲ. ನಾಳೆಯಿಂದ ನನ್ನ ಜೊತೆ ಬನ್ನಿ.”

ಅತ್ತೆ ಮೆಷಿನ್ ನಿಲ್ಲಿಸಿದಳು. “ಟೈರಿನ ಮೇಲೆ ನನಗೇನೂ ಸಿಟ್ಟಿಲ್ಲಮ್ಮ.”

“ಮತ್ತೆ?”

“ಅವತ್ತು ನೀನು ಏನು ಕೂಗಿದೆ, ನೆನಪಿದೆಯಾ?”

ಇರಲಿಲ್ಲ.

“ನನ್ನ ಕಡೆ ತಿರುಗಿ ‘ಬ್ರೇಕ್ ಒತ್ತಿ, ಬ್ರೇಕ್ ಒತ್ತಿ’ ಅಂದೆ. ನಿನ್ನ ಕೈಲಿದ್ದ ಸ್ಟೀರಿಂಗ್ ಬಿಟ್ಟು ನನ್ನ ಮಡಿಲಲ್ಲಿ ಇನ್ನೊಂದು ಸ್ಟೀರಿಂಗ್ ಹುಡುಕಿದೆ. ಕಾರು ತಿರುಗುತ್ತಾ ಇದೆ, ಓಡಿಸೋರು ಯಾರೂ ಇಲ್ಲ. ಟೈರ್ ಅಂತೆ, ಟೈರು!”

ಹೌದಲ್ಲ! ವರ್ಷಾನುಗಟ್ಟಲೆ ಪಕ್ಕದ ಸೀಟಿನಲ್ಲಿ ಕೂತು ಓಡಿಸುವವರ ಮೇಲೆ ಕೂಗಿದವಳು ಸೊಸೆ. ಅಪಾಯ ಬಂದ ಗಳಿಗೆಯಲ್ಲಿ ತಾನೇ ಓಡಿಸುತ್ತಿದ್ದೇನೆ ಅನ್ನುವುದನ್ನೇ ಅವಳ ಕೈಕಾಲು ಮರೆತುಬಿಟ್ಟಿದ್ದವು. ನಾಚಿಕೆಯಿಂದ ಮುಖವೆಲ್ಲ ಬಿಸಿಯಾಯಿತು. ಆದರೂ ಅಲ್ಲಿಂದ ಕದಲಲಿಲ್ಲ.

“ನಾನು ಏನು ಮಾಡಿದ್ರೆ ಬರ್ತೀರಿ, ಅದನ್ನ ಹೇಳಿ.”

ಅತ್ತೆ ಕನ್ನಡಕ ತೆಗೆದು ಅವಳನ್ನೇ ನೋಡಿದಳು. “ಕಾರಿನ ಬೀಗದ ಕೈ ಕೊಡು. ನಾನು ಓಡಿಸ್ತೀನಿ. ನೀನು ಪಕ್ಕದಲ್ಲಿ ಕೂತ್ಕೋ.”

ಅತ್ತೆಗೆ ಓಡಿಸಲು ಬರುವುದಿಲ್ಲ ಅಂದುಕೊಳ್ಳಬೇಡಿ. ವಯಸ್ಸಿನಲ್ಲಿ ನಾಟಕ ತಂಡದ ವ್ಯಾನನ್ನು ಊರೂರಿಗೆ ಓಡಿಸಿದ ಕೈ ಅದು, ಲೈಸೆನ್ಸನ್ನೂ ಸತ್ತುಹೋಗಲು ಬಿಟ್ಟಿರಲಿಲ್ಲ. ಆದರೂ ಆ ಕಾರಿನ ಸ್ಟೀರಿಂಗನ್ನು ಟೀಚರಮ್ಮ ಯಾರಿಗೂ, ಗಂಡನಿಗೂ ಕೊಟ್ಟವಳಲ್ಲ. ತುಟಿ ಕಚ್ಚಿಕೊಂಡು ಬೀಗದ ಕೈ ಕೊಟ್ಟಳು.

ಭಾನುವಾರ ಡ್ರೈವಿಂಗ್ ಸ್ಕೂಲಿನ ಕಲಿಕೆಯ ಅಂಗಳ ಖಾಲಿ. ಇಬ್ಬರೂ ಸೇರಿ ಪೈಪ್ ಹಿಡಿದು ನೆಲವೆಲ್ಲ ಒದ್ದೆ ಮಾಡಿದರು. ಅತ್ತೆ ಸೀಟು ಮುಂದಕ್ಕೆ ಎಳೆದುಕೊಂಡು, ಸೆರಗು ಸಿಕ್ಕಿಸಿ, ಕಾರನ್ನು ಹೊರಡಿಸಿದಳು. ಮೊದಲ ಸುತ್ತು ಮೆಲ್ಲಗೆ. ಆಮೇಲೆ ಜೋರಾಯಿತು. ಮತ್ತೂ ಜೋರಾಯಿತು.

“ಅತ್ತೆ, ಸ್ವಲ್ಪ ನಿಧಾನ…”

“ನಿನ್ನ ಟೈರ್ ಮೇಲೆ ನಿನಗೇ ನಂಬಿಕೆ ಇಲ್ವಾ?”

ಟೈರು ಹಿಡಿದುಕೊಂಡಿತ್ತು. ಎಳೆದಷ್ಟೂ ಹಿಡಿಯಿತು. ಆದರೆ ಅತ್ತೆ ಅಷ್ಟಕ್ಕೆ ಬಿಡುವ ಹೆಂಗಸೇ? ತಿರುವಿನ ನಡುವೆ ಬೇಕೆಂದೇ ಆಕ್ಸಿಲರೇಟರ್ ಒತ್ತಿ ತುಳಿದಳು. ಎಂಥಾ ಟೈರಿಗೂ ಒಂದು ಕೊನೆ ಇದೆಯಲ್ಲ. ಹಿಂಭಾಗ ಸರ್ರನೆ ಹೊರಕ್ಕೆ ಬಂತು. ಸೊಸೆಯ ಕಾಲು ತಾನಾಗಿಯೇ ಬ್ರೇಕ್ ಹುಡುಕಿ ನೆಲಕ್ಕೆ ಒತ್ತಿತು. ಅಲ್ಲಿ ಏನೂ ಇರಲಿಲ್ಲ. ಬರೀ ರಬ್ಬರ್ ಮ್ಯಾಟು. ಮತ್ತೆ ಒತ್ತಿದಳು, ಮತ್ತೆ. ಕೈ ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಮಾಡುವುದಕ್ಕೆ ಏನೂ ಇಲ್ಲದೆ ಕಾರಿನಲ್ಲಿ ಕೂತದ್ದು ಅವಳ ಬದುಕಿನಲ್ಲಿ ಅದೇ ಮೊದಲು.

ಅತ್ತೆ ಉಸಿರೆತ್ತಲಿಲ್ಲ. ಎರಡೂ ಕೈಯಲ್ಲಿ ಸ್ಟೀರಿಂಗ್ ತಿರುಗಿಸಿ, ಕಾಲು ಸಡಿಲಿಸಿ, ಕಾರು ನೆಟ್ಟಗಾಗುವವರೆಗೂ ಕಣ್ಣು ಕದಲಿಸದೆ ಹೋಗಬೇಕಾದ ಕಡೆಗೇ ನೋಡಿದಳು. ಕಾರು ಒಂದು ಸಲ ಬಾಲ ಆಡಿಸಿ ನಿಂತಿತು. ಎಂಜಿನ್ ಆರಿತು.

“ಕಾಲು ತೆಗಿಯೇ. ಅಲ್ಲೇನೂ ಇಲ್ಲ.”

ಸೊಸೆಗೆ ಕಾಲು ತೆಗೆಯಲು ಆಗಲಿಲ್ಲ.

“ಅವತ್ತು ನನಗೂ ಅಲ್ಲಿ ಏನೂ ಇರಲಿಲ್ಲ ಕಣೇ,” ಅಂದಳು ಅತ್ತೆ. “ನೀನೊಬ್ಬಳು ಇದ್ದೆ, ಅಷ್ಟೇ.”

ಅವಳಿಗೆ ಅಳು ಒತ್ತರಿಸಿಕೊಂಡು ಬಂತು. “ತಪ್ಪಾಯ್ತು ಅತ್ತೆ. ನಾನು ಕಲೀತೀನಿ. ದಿನಾ ಇಲ್ಲಿ ಬಂದು ಜಾರಿಸ್ತೀನಿ, ಬಾಯಿ ಬಿಡದೆ ಕೈ ಓಡೋ ತನಕ ಬಿಡಲ್ಲ. ನೋಡ್ತಿರಿ.”

ಅತ್ತೆ ಇಳಿದು, ಒದ್ದೆ ನೆಲದಲ್ಲಿ ಕಾರನ್ನು ಸುತ್ತಿ ಸೊಸೆಯ ಕಡೆಗೆ ಬಂದು, ಬಾಗಿಲು ತೆರೆದು, ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ನಾಳೆ ಅಲ್ಲ, ಈಗ ಶುರು ಮಾಡು. ಏಳು ಮೇಲೆ. ನನ್ನ ಸೀಟಲ್ಲಿ ಕೂತಿದೀಯ.”