ಕೊಳೆತ ಹಲಗೆಯ ಸೇಡು

"ಮೊದ್ಲು ಆ ಹಲ್ಲು ಮುಚ್ಚೋ, ಬೋಳಿಮಗನೆ. ಆ ನಗು ನೋಡಿ ನೋಡಿನೇ ನನ್ ಕಂಪ್ನಿ ದಿವಾಳಿ ಆಗ್ತಿರೋದು."

ಬಂಗಾರ ಹಲ್ಲು ಮುಚ್ಚಿದ. ಆ ನಗುವೇನು ಅವನು ಹುಟ್ಟುವಾಗ ತಂದದ್ದಲ್ಲ. ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದವನನ್ನು ಕುಸ್ತಿ ಕಂಪನಿಗೆ ಎಳೆದು ತಂದು, ಕನ್ನಡಿಯ ಮುಂದೆ ನಿಲ್ಲಿಸಿ, ಬೆರಳಿನಿಂದ ತುಟಿ ಅಗಲಿಸಿ ನಗು ಕಲಿಸಿದವನು ಇದೇ ಧಣಿ. ಬಂಗಾರ ಎಂಬ ಹೆಸರೂ ಅವನೇ ಇಟ್ಟದ್ದು. ಹೆಸರಿನ ಲೋಹ ಸಂಬಳದಲ್ಲಿ ಮಾತ್ರ ಯಾವತ್ತೂ ಕಾಣಲಿಲ್ಲ.

"ಭಾವನ ಆಸ್ಪತ್ರೆ ವಿಷ್ಯ ಕೇಳಕ್ಕೆ ಬಂದಿದ್ದೆ ಧಣಿ," ಎಂದ ಬಂಗಾರ. "ಕತ್ತಿಗೆ ಆಪರೇಶನ್ ಮಾಡಿದ್ರೆ ಕೈಯಾದ್ರೂ ಆಡುತ್ತಂತೆ. ತಡ ಮಾಡಿದ್ರೆ ಅದೂ ಇಲ್ವಂತೆ. ಅಖಾಡದ ಆ ಮೂಲೆ ಹಲಗೆನೂ ಕೊಳ್ತೋಗಿದೆ, ಅದನ್ನಾದ್ರೂ ಬದಲಾಯಿಸಿದ್ರೆ..."

"ಕುಣಿಯಕ್ಕೆ ಬರದೋಳು ನೆಲ ಡೊಂಕು ಅಂದ್ಳಂತೆ!" ಧಣಿ ಮೇಜು ಕುಟ್ಟಿ ನಕ್ಕ. ಪಕ್ಕದಲ್ಲಿದ್ದ ಮ್ಯಾನೇಜರನೂ ನಕ್ಕ. ಅವನಿಗೆ ಅದಕ್ಕೇ ಸಂಬಳ.

ಕುಣಿಯಲು ಬಾರದವನಂತೆ ಭಾವ! ಹೆಂಡತಿಯ ಅಣ್ಣ, ಅಖಾಡದಲ್ಲಿ ಕಾಳಿಂಗ. ಎಲ್ಲ ಮೊದಲೇ ಹೇಳಿ ಮಾಡಿಸಿದ ಆಟ: ವಾರವಾರವೂ ಕಾಳಿಂಗ ಕಣ್ಣಿಗೆ ಮಣ್ಣೆರಚಿ, ಕುರ್ಚಿಯಲ್ಲಿ ಹೊಡೆದು, ಇರುವ ಮೋಸವನ್ನೆಲ್ಲ ಮಾಡಬೇಕು. ಕೊನೆಗೆ ಬಂಗಾರ ಅವನನ್ನು ಎತ್ತಿ ಒಗೆಯಬೇಕು. ಹೋದ ತಿಂಗಳು ಹಾಗೆ ಒಗೆದಾಗ ಮೂಲೆಯ ಹಲಗೆ ಲಟಕ್ಕನೆ ಮುರಿದು, ಭಾವನ ಕತ್ತೂ ಮುರಿಯಿತು. ಅವನನ್ನು ಹೊತ್ತೊಯ್ಯುವಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಟ ಅಷ್ಟು ಚೆನ್ನಾಗಿತ್ತು! ಕಂಪನಿಯವರು ಹಲಗೆಯ ಮೇಲೆ ಹಳೇ ಪೆಟ್ಟಿಗೆಯ ತುಂಡೊಂದನ್ನು ಮೊಳೆ ಹೊಡೆದು, ಮೇಲೆ ಕ್ಯಾನ್ವಾಸ್ ಎಳೆದು, ಮುಂದಿನ ಜೋಡಿಯನ್ನು ಕರೆದರು.

ಮ್ಯಾನೇಜರ್ ಒಂದು ದೊಡ್ಡ ಹಾಳೆ ಬಿಚ್ಚಿದ. ಅದರಲ್ಲಿ ಟಿಕೆಟ್ ಮಾರಾಟದ ಕೆಂಪು ಗೆರೆಯೊಂದು ಇಳಿಜಾರಿನಲ್ಲಿ ಜಾರುತ್ತಿತ್ತು.

"ಒಳ್ಳೆಯವನನ್ನ ನೋಡಕ್ಕೆ ಜನ ಒಂದ್ಸಲ ಬರ್ತಾರೆ ಸಾರ್. ಕೆಟ್ಟೋನು ಒದೆ ತಿನ್ನೋದನ್ನ ನೋಡಕ್ಕೆ ವಾರವಾರ ಬರ್ತಾರೆ. ಅದ್ರಲ್ಲೂ ಒಳ್ಳೆಯವನು ಅಂತ ನಂಬಿದ್ದೋನು ಕೆಟ್ಟೋನಾದ ಅನ್ಕೊಳ್ಳಿ, ಹೆಂಡ್ತಿ ಮಕ್ಕಳನ್ನೂ ಕರ್ಕೊಂಡು ಬರ್ತಾರೆ."

"ಕೇಳಿಸ್ತೇನೋ?" ಎಂದ ಧಣಿ. "ನಿನ್ ಭಾವನ ಜಾಗ ಖಾಲಿ ಬಿದ್ದಿದೆ. ಇವತ್ತಿಂದ ನೀನೇ ವಿಲನ್ನು. ಆ ಹೊಸ ಹುಡುಗ ಕಡ್ಡಿ ಇದಾನಲ್ಲ, ಅವನು ಹೀರೊ. ಮೈಕ್ ಕೊಡ್ತೀನಿ, ಹಿಂದಿನ ಸಾಲಿನ ಕೂಲಿಗಳಿಗೆ ಬಾಯಿಗೆ ಬಂದಂಗೆ ಬೈ. ನಾರ್ತೀರಿ ಅನ್ನು. ನಿಮ್ಮಂಥೋರ ಜೊತೆ ಮೂಟೆ ಹೊತ್ತಿದ್ದಕ್ಕೆ ನಾಚ್ಕೆ ಆಗುತ್ತೆ ಅನ್ನು. ಆಸ್ಪತ್ರೆ ವಿಷ್ಯ ಆಮೇಲೆ ನೋಡೋಣ."

ಧಣಿಯ ಬಾಯಲ್ಲಿ 'ನೋಡೋಣ' ಅಂದರೆ ಕಣ್ಣು ಮುಚ್ಚಿಕೊಳ್ಳೋಣ ಎಂದು ಅರ್ಥ. ಬಂಗಾರನಿಗೆ ಅದು ಗೊತ್ತು. ಆದರೂ ತಲೆಯಾಡಿಸಿದ. ಮನೆಯಲ್ಲಿ ಮಲಗಿದವನ ಕತ್ತು ಆಡುತ್ತಿರಲಿಲ್ಲ. ಇವನ ಕತ್ತಾದರೂ ಆಡಬೇಕಲ್ಲ.

ಮನೆಗೆ ಬಂದರೆ ಕಾಲಿಡಲು ಜಾಗವಿಲ್ಲ. ನೆಲದ ತುಂಬ ಅವನದೇ ಮುಖ. ಮಕ್ಕಳು ಹಾಕಿಕೊಳ್ಳುವ ರಟ್ಟಿನ ಮುಖವಾಡಗಳು, ಎಲ್ಲವೂ ನಗುತ್ತಿದ್ದವು. ಕಂಪನಿಯ ಗೋದಾಮಿನಲ್ಲಿ ಬಣ್ಣದ ಕೆಲಸ ಮಾಡುವ ಹೆಂಡತಿ ನಡುವೆ ಕುಳಿತು, ಒಂದೊಂದರ ಹಲ್ಲಿಗೂ ಕಪ್ಪು ಬಳಿಯುತ್ತಿದ್ದಳು.

"ಮಾರಾಟ ಆಗದೆ ಉಳಿದಿದ್ವಂತೆ," ಎಂದಳು ತಲೆಯೆತ್ತದೆ. "ಹಲ್ಲು ಕಪ್ಪು ಮಾಡಿ, ಹುಬ್ಬು ಮೇಲೆತ್ತಿದ್ರೆ ಹೊಸ ಮಾಲು ಅಂತೆ. ನಿನ್ನ ವಿಷ್ಯ ನಂಗಿಂತ ಮೊದ್ಲು ಗೋದಾಮಿಗೆ ಗೊತ್ತಾಗಿದೆ ನೋಡು. ನಾಲ್ಕು ಮುಖಕ್ಕೆ ಬಳಿಯೋ ಹೊತ್ತಿಗೆ ಅಳು ಬಂತು. ಆಮೇಲೆ ಅಭ್ಯಾಸ ಆಯ್ತು."

ಮಂಚದ ಮೇಲಿನಿಂದ ಭಾವ ಕಿಸಕ್ಕನೆ ನಕ್ಕ. ಅವನ ದೇಹದಲ್ಲಿ ಈಗ ಕೆಲಸ ಮಾಡುತ್ತಿದ್ದದ್ದು ಬಾಯಿ ಮಾತ್ರ. ಆ ಬಾಯಿ ಮೊದಲೂ ಸುಮ್ಮನಿದ್ದದ್ದಲ್ಲ.

"ಬಾರೋ ಕೆಟ್ಟವನೇ, ಕೂತ್ಕೋ. ವಿಲನ್ ಆಗೋದು ಅಂದ್ರೆ ಗುರ್ ಅನ್ನೋದಷ್ಟೇ ಅನ್ಕೊಂಡ್ಯಾ? ಒಳಗೆ ಆಟ ನಡೆಸೋನೇ ವಿಲನ್ನು. ಹೀರೊ ಬರೀ ಕೇಳೋದು. ಯಾವಾಗ ಓಡ್ಬೇಕು, ಯಾವಾಗ ಬೀಳ್ಬೇಕು, ಕಿವಿ ಹತ್ರ ಬಾಯಿಟ್ಟು ಹೇಳ್ತಾ ಇದ್ದೋನು ಯಾರು? ಇಷ್ಟು ವರ್ಷ ಊರೆಲ್ಲ ನಿನ್ನ ಹೊತ್ಕೊಂಡು ಕುಣೀತು, ನೀನು ನನ್ನ ಮಾತಿಗೆ ಕುಣಿದೆ."

"ಆವತ್ತೂ ನೀನು ಹೇಳ್ದಂಗೇ ಒಗ್ದೆ ಭಾವ."

"ಗೊತ್ತು ಕಣೋ. ನಿನ್ನ ಕೈ ನನ್ನ ಕತ್ತಿನ ಕೆಳಗೇ ಇತ್ತು. ಕೆಳಗೆ ಹಲಗೆ ಇರಲಿಲ್ಲ, ಅಷ್ಟೆ." ಆಮೇಲೆ ಹೇಳಿದ: "ಜನ ಬೈತಾರೆ, ಬೈಸ್ಕೋ. ಆದ್ರೆ ಆ ಕಡ್ಡಿ ಕತ್ತು ಈಗ ನಿನ್ನ ಜವಾಬ್ದಾರಿ. ನೀನು ಹೇಳ್ದಂಗೆ ಅವನು ಬೀಳ್ತಾನೆ."

ವಿಲನ್ ಆದ ಮೇಲಿನ ಮೊದಲ ಆಟದ ದಿನ ಬಂಗಾರನ ಕೈಗೆ ಮೈಕ್ ಬಂತು. ಒಳ್ಳೆಯವನಾಗಿದ್ದಷ್ಟು ಕಾಲ ಯಾರೂ ಅವನಿಗೆ ಮೈಕ್ ಕೊಟ್ಟಿರಲಿಲ್ಲ. ಒಳ್ಳೆಯವರು ಮಾತಾಡಿದರೆ ಕಂಪನಿಗೆ ನಷ್ಟ. ಹಿಂದಿನ ಸಾಲಿನಲ್ಲಿ ಅವನ ಹಳೇ ಜೊತೆಗಾರರಾದ ಹಮಾಲಿಗಳು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಕುಳಿತಿದ್ದರು. ನಾರ್ತೀರಿ ಎಂದು ಹೇಳಲು ಬಾಯಿ ತೆರೆದ. ಬೇರೆ ಮಾತು ಬಂತು.

"ಕೇಳ್ರಪ್ಪಾ! ಆ ಮೂಲೆ ಹಲಗೆ ಕೊಳ್ತೋಗಿದೆ! ಕಾಳಿಂಗನ ಕತ್ತು ಮುರಿದಿದ್ದು ಆಟ ಅಲ್ಲ, ನಿಜ! ನನ್ ಮನೇಲಿ ಕೈಕಾಲು ಆಡ್ದೆ ಬಿದ್ದಿದ್ದಾನೆ! ಧಣಿ ಒಂದು ಕಾಸು ಕೊಟ್ಟಿಲ್ಲ!"

"ಥೂ! ಸುಳ್ಳ!" ಎಂದು ಕೂಗಿದವನು ಹಮಾಲಿಗಳಲ್ಲೇ ಒಬ್ಬ. "ಅವನ ಕತ್ತು ಮುರಿದಿದ್ದು ನೀನೇ ಕಣೋ ಸೂಳೆಮಗನೆ!"

ಇಡೀ ಸಭೆ ಎದ್ದು ಕೂಗಿತು. ಹಣ್ಣಿನ ಸಿಪ್ಪೆ, ಚಪ್ಪಲಿ, ಖಾಲಿ ಬಾಟಲಿ, ಕೈಗೆ ಸಿಕ್ಕಿದ್ದೆಲ್ಲ ಬಿತ್ತು. ಬಂಗಾರ ನಿಜ ಹೇಳಿದಷ್ಟೂ ಜನರ ಸಿಟ್ಟು ಏರಿತು. ಕೆಟ್ಟವನು ನಿಜ ಹೇಳುವುದುಂಟೇ?

ಒಳಗೆ ಬಂದಾಗ, ಕೆಲಸ ಹೋಯಿತು ಎಂದುಕೊಂಡೇ ನಿಂತಿದ್ದ. ಧಣಿ ಓಡಿ ಬಂದು ತಬ್ಬಿಕೊಂಡ.

"ಎಂಥಾ ಡೈಲಾಗೋ, ನನ್ ರಾಜ! ಕೊಳೆತ ಹಲಗೆ! ಧಣಿ ಕಾಸು ಕೊಟ್ಟಿಲ್ಲ! ನಂಗೇ ಒಂದ್ ಗಳಿಗೆ ಕರುಳು ಚುರ್ ಅಂತು! ಇನ್ಮೇಲೆ ವಾರವಾರ ಇದನ್ನೇ ಹೇಳು."

"ಹಲಗೆ ಬದಲಾಯ್ಸಿ ಧಣಿ."

"ಹುಚ್ಚನಾ ನೀನು? ಹಲಗೆ ಬದಲಾಯಿಸಿದ್ರೆ ಡೈಲಾಗ್ ಸತ್ತೋಗಲ್ವಾ?"

ಮ್ಯಾನೇಜರನ ಹಾಳೆಯಲ್ಲಿ ಕೆಂಪು ಗೆರೆ ಮೇಲಕ್ಕೆ ಹತ್ತಿತು. ಗೋಡೆಗೋಡೆಗೂ ಪೋಸ್ಟರ್: 'ಕೊಳೆತ ಹಲಗೆಯ ಸೇಡು!' ಕಪ್ಪು ಹಲ್ಲಿನ ಮುಖವಾಡಗಳು ಸಾಲದೆ ಹೊಸತು ಬಂದವು. ಆಸ್ಪತ್ರೆ? ನೋಡೋಣ. ಆ ವಾರವೇ ಡಾಕ್ಟರು ಮತ್ತೆ ಕತ್ತು ಮುಟ್ಟಿ ನೋಡಿ, ಇನ್ನು ಆಪರೇಶನ್ ಮಾಡಿ ಪ್ರಯೋಜನವಿಲ್ಲ ಎಂದರು. ಹೆಂಡತಿ ಗೋಡೆಗೆ ಹಣೆ ಚಚ್ಚಿಕೊಂಡು ಅತ್ತಳು. ಭಾವ ಮಾತ್ರ, "ಪೋಸ್ಟರಲ್ಲಿ ನನ್ ಫೋಟೊ ಹಾಕಿದಾರೇನೋ?" ಎಂದು ಕೇಳಿದ. ಹಾಕಿದ್ದರು.

ದೊಡ್ಡ ಆಟದ ಸಂಜೆ ಧಣಿ ಬಂಗಾರ, ಕಡ್ಡಿ ಇಬ್ಬರನ್ನೂ ಪರದೆಯ ಹಿಂದೆ ಕರೆದ.

"ಇವತ್ತು ಜನ ಬಂದಿರೋದು ಆ ಮೂಲೆ ನೋಡಕ್ಕೆ. ಕೊನೇಲಿ ಕಡ್ಡೀನ ಅಲ್ಲಿಗೇ ಎತ್ತಿ ಒಗಿ."

"ಧಣಿ, ಹಲಗೆ ನಿಜವಾಗ್ಲೂ..." ಎಂದ ಕಡ್ಡಿ. ಅವನ ಮೀಸೆಯ ಮೇಲೆ ಬೆವರು ನಿಂತಿತ್ತು. ಮನೆಯಲ್ಲಿ ಹೆಂಡತಿ ತುಂಬು ಬಸುರಿ.

"ಒಂದ್ ಸಣ್ಣ ಪೆಟ್ಟಾದ್ರೆ ಸಾಯ್ತೀಯಾ? ಹೀರೊಗೆ ಪೆಟ್ಟಾದ್ರೆ ಸೀಸನ್ ಪೂರ್ತಿ ಓಡುತ್ತೆ. ನಡೀರಿ."

ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಗಂಟೆ ಹೊಡೆಯಿತು. ಜನ ಬಂಗಾರನ ಹೆಂಡತಿ ಮಕ್ಕಳನ್ನೂ ಬಿಡದೆ ಬೈದರು. ಇಬ್ಬರೂ ಕೈ ಕೈ ಹಿಡಿದರು. ಬಂಗಾರ ಕಡ್ಡಿಯ ಕತ್ತನ್ನು ಕಂಕುಳಲ್ಲಿ ಹಿಡಿದು, ಕಿವಿಗೆ ಬಾಯಿಟ್ಟ.

"ಕೂತ್ಕೋ."

"ಆಂ?"

"ಆಟ ನಡೆಸೋನು ನಾನು. ಕೂತ್ಕೋ ಅಂದೆ."

ಕಡ್ಡಿ ಕುಳಿತ. ಎದುರಿಗೆ ಬಂಗಾರನೂ ಚಕ್ಕಳಮಕ್ಕಳ ಹಾಕಿ ಕುಳಿತ. ಜನ ಮೊದಲು ನಕ್ಕರು, ಆಮೇಲೆ ಕೂಗಿದರು. ಗಂಟೆ ಮತ್ತೆ ಹೊಡೆಯಿತು, ಮತ್ತೆ ಮತ್ತೆ ಹೊಡೆಯಿತು. ಪರದೆಯ ಹಿಂದಿನಿಂದ ಉಳಿದ ಪೈಲ್ವಾನರು ಇಣುಕಿದರು. ಒಬ್ಬ ಬಂದು ಪಕ್ಕದಲ್ಲಿ ಕುಳಿತ. ಇನ್ನೊಬ್ಬ ಬಂದ. ಹೀರೊಗಳು, ವಿಲನ್‌ಗಳು, ಎಲ್ಲರೂ ಬಂದು ಕುಳಿತರು. ಮೂಲೆಯ ಹತ್ತಿರ ಮಾತ್ರ ಯಾರೂ ಹೋಗಲಿಲ್ಲ.

"ಏಳ್ರೋ ಸೂಳೆಮಕ್ಳಾ! ಟಿಕೆಟ್ ದುಡ್ಡು ನಿಮ್ಮಪ್ಪ ವಾಪಸ್ ಕೊಡ್ತಾನಾ?" ಧಣಿ ಪಂಚೆಯನ್ನು ಮೇಲೆತ್ತಿ, ಅಖಾಡದ ಸುತ್ತಿನ ಹಗ್ಗದ ನಡುವೆ ನುಸುಳಿ, ಒದೆಯಲು ಕಾಲೆತ್ತಿಕೊಂಡೇ ಬಂದ. ಹತ್ತಿರದ ದಾರಿ ಎಂದು ಮೂಲೆಯಿಂದಲೇ ಬಂದ.

ಲಟಕ್!

ತೊಡೆಯವರೆಗೆ ಕಾಲು ಒಳಗೆ ಹೋಯಿತು.

ಸಭೆ ಕುರ್ಚಿ ಬಿಟ್ಟು ಎದ್ದಿತು. ಏನು ಶಿಳ್ಳೆ, ಏನು ಚಪ್ಪಾಳೆ! ಧಣಿ ನೋವಿಗೆ ಕಿರುಚಿದ. "ಏಯ್, ಇದು ಆಟ ಅಲ್ಲ! ನಿಜವಾಗ್ಲೂ ಕಾಲು ಮುರೀತು ಕಣ್ರೋ! ಎತ್ರೋ!" ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮ್ಯಾನೇಜರನೂ ಅಭ್ಯಾಸಬಲದಿಂದ ನಕ್ಕ.

ಬಂಗಾರ ಕುಳಿತಲ್ಲಿಂದಲೇ ತೆವಳಿಕೊಂಡು ಮೂಲೆಗೆ ಹೋದ. ಧಣಿ ಹಿಂದಕ್ಕೆ ವಾಲುತ್ತಿದ್ದ. ಬಂಗಾರನ ಒಂದು ಕೈ ತಾನಾಗಿ ಹೋಗಿ ಅವನ ಕತ್ತಿನ ಕೆಳಗೆ ನಿಂತಿತು, ಕಸುಬಿನ ಅಭ್ಯಾಸ. ಇನ್ನೊಂದು ಕೈಯಲ್ಲಿ ಮೈಕ್ ಎತ್ತಿ ಅವನ ಬಾಯಿಗೆ ಹಿಡಿದ.

"ಹೇಳಿ ಧಣಿ. ಹಲಗೆ ಹೇಗಿದೆ ಅಂತ ಹೇಳಿ. ಎತ್ತುತ್ತೀವಿ."

ಧಣಿ ಬಂಗಾರನನ್ನು ನೋಡಿದ. ಕುಳಿತವರನ್ನು ನೋಡಿದ. ಒಬ್ಬರೂ ಏಳಲಿಲ್ಲ. ಮೈಕಿನಲ್ಲಿ ಅವನ ಉಸಿರು ಮಾತ್ರ ಕೇಳುತ್ತಿತ್ತು. ಮುಂದಿನ ಸಾಲುಗಳು ಇನ್ನೂ ನಗುತ್ತಿದ್ದವು. ಹಿಂದಿನ ಸಾಲಿನಲ್ಲಿ ಹಮಾಲಿಯೊಬ್ಬ ಹೆಗಲ ಟವೆಲ್ ಕೆಳಗಿಳಿಸಿ, "ಶ್, ಸುಮ್ನಿರ್ರೋ," ಎಂದ.