ಹೆಸರು ಬರೆಸಲಾಗದ ದಾನ

ತಮಿಳುನಾಡಿನ ಕಡಲ ಪಕ್ಕದ ರಾಯಪುರಂನ ನಮ್ಮ ಕನ್ನಡ ಸಮುದಾಯ ಭವನಕ್ಕೆ ಬಂದವರು ಕತ್ತೆತ್ತಿ ಓದುತ್ತಾ ನಡೆಯಬೇಕು. ಫ್ಯಾನಿನ ರೆಕ್ಕೆಯ ಮೇಲೆ ಹೆಸರು, ಟ್ಯೂಬ್‌ಲೈಟಿನ ಪಟ್ಟಿಯ ಮೇಲೆ ಹೆಸರು, ಸಾರಿನ ಕೊಳಗದ ಮೇಲೂ ಹೆಸರು. ಯಾರು ಏನು ದಾನ ಕೊಟ್ಟರೂ ಅದರ ಮೇಲೆ ಹೆಸರು ಬರೆಸುವುದು ನಮ್ಮವರ ರೂಢಿ. ಬೇರೆಯವರನ್ನೇಕೆ ಅನ್ನಲಿ, ಮೂರನೇ ಫ್ಯಾನಿನ ಮೇಲೆ ಗಿರಗಿರ ತಿರುಗುತ್ತಿರುವುದು ನಮ್ಮ ಮಾವನವರ ಹೆಸರೇ. ನಾನು ಜಯಲಕ್ಷ್ಮೀ, ಭವನದ ಮಹಿಳಾ ಸಂಘದವಳು.

ಈ ಭವನದ ಮಹಡಿಯಲ್ಲಿ ಭಾನುವಾರ ಮಧ್ಯಾಹ್ನ ಗಿರಿಜಾದೇವಿ ಟೀಚರ್ ಮಕ್ಕಳಿಗೆ ಕನ್ನಡ ಕಲಿಸುತ್ತಾರೆ. ಟೀಚರ್ ಕನ್ನಡದಲ್ಲಿ ಕೇಳುತ್ತಾರೆ, ಮಕ್ಕಳು ತಮಿಳಿನಲ್ಲಿ ಉತ್ತರ ಹೇಳುತ್ತಾರೆ. ಆದರೂ ಪಾಠ ಹೇಗೋ ಸಾಗುತ್ತಿತ್ತು. ಈ ಬೇಸಿಗೆಯಲ್ಲಿ ಮಾತ್ರ ಸಾಗಲಿಲ್ಲ. ಸೆಕೆಗೆ ಒಂದು ಮಗು ತಲೆಸುತ್ತಿ ಬಿತ್ತು. ಮೂವತ್ತು ಮಕ್ಕಳಿದ್ದ ಕ್ಲಾಸಿನಲ್ಲಿ ಒಂಬತ್ತೇ ಮಕ್ಕಳು ಉಳಿದರು.

ಕಾರ್ಯದರ್ಶಿ ಮಹಾಲಿಂಗಪ್ಪನವರು ಸಭೆ ಕರೆದರು. "ಎ.ಸಿ. ಕೊಡೋಕೆ ದಾನಿಗಳು ರೆಡಿ ಇದಾರೆ. ಕರೆಂಟ್ ಬಿಲ್ ಕಟ್ಟೋಕೆ ಯಾರೂ ಇಲ್ಲ. ಈಗಿರೋ ಬಿಲ್ ನೋಡಿದ್ರೇ ಎದೆ ಧಸಕ್ ಅಂತದೆ. ಮುಂದಿನ ತಿಂಗಳಿಂದ ಕ್ಲಾಸ್ ನಿಲ್ಲಿಸಿಬಿಡೋಣ."

ಟೀಚರ್ ಕೈಗಂಟಿದ್ದ ಚಾಕ್‌ಪೀಸಿನ ಪುಡಿಯನ್ನು ಸೆರಗಿಗೆ ಒರೆಸಿಕೊಂಡು ಕೂತರು.

ಆಗ ಎದ್ದವಳು ತೇಜಶ್ರೀ. ಚಿಕ್ಕವಳಿದ್ದಾಗ ಇದೇ ಕ್ಲಾಸಿನಲ್ಲಿ ಕಲಿತವಳು. ಈಗ ಕಟ್ಟಡಗಳಲ್ಲಿ ಕರೆಂಟ್ ಎಲ್ಲಿ ಪೋಲಾಗುತ್ತದೆ ಎಂದು ಪರೀಕ್ಷೆ ಮಾಡುವುದೇ ಅವಳ ಕೆಲಸ.

"ಅಂಕಲ್, ಒಂದು ಡೌಟು. ವಾರದಲ್ಲಿ ಐದು ದಿನ ಭವನಕ್ಕೆ ಬೀಗ. ಆದ್ರೂ ಬಿಲ್ ಯಾಕೆ ಇಷ್ಟು ಬರ್ತದೆ?"

"ಯಾಕೋ ಬರ್ತದೆ!"

"ಆ ಯಾಕೆ ಅನ್ನೋದನ್ನೇ ಹುಡುಕೋಣ. ಕರೆಂಟ್ ಎಲ್ಲಿಗೆ ಹೋಗ್ತದೆ, ಸೆಕೆ ಎಲ್ಲಿಂದ ಬರ್ತದೆ, ಎಲ್ಲಾ ಅಳೆದು ನೋಡ್ಬಹುದು. ನಮ್ಮ ಕರೆಂಟಿನ ದೊಡ್ಡ ಪಾಲು ಕಲ್ಲಿದ್ದಲು ಸುಟ್ಟು ಬರೋದು. ಅದರಿಂದ ಹೊರಡೋ ಅನಿಲ ಭೂಮಿಗೆ ಕಂಬಳಿ ಹೊದಿಸಿದ ಹಾಗೆ ಶಾಖ ಹಿಡಿದಿಡ್ತದೆ. ಸೆಕೆ ಅಂತ ಎ.ಸಿ. ಹಾಕಿ, ಅದಕ್ಕೆ ಇನ್ನಷ್ಟು ಕಲ್ಲಿದ್ದಲು ಸುಟ್ಟು, ಇನ್ನಷ್ಟು ಸೆಕೆ ಮಾಡ್ಕೊಳ್ಳೋದಾ? ನನ್ನ ಕೆಲಸಕ್ಕೆ ದುಡ್ಡೇನೂ ಬೇಡ ಅಂಕಲ್. ಆದ್ರೆ ಅಳೆಯೋ ಯಂತ್ರ ತರಬೇಕು, ಸಹಾಯಕ್ಕೆ ಇಬ್ರು ಬರಬೇಕು. ಅದಕ್ಕೆ ಖರ್ಚಿದೆ."

ಮಹಾಲಿಂಗಪ್ಪನವರು ನಕ್ಕರು. "ಅಲ್ಲಮ್ಮಾ, ಫ್ಯಾನ್ ಕೊಟ್ರೆ ರೆಕ್ಕೆ ಮೇಲೆ ಹೆಸರು ಬರೆಸ್ಬಹುದು. ಪರೀಕ್ಷೆ ಮೇಲೆ ಎಲ್ಲಿ ಬರೆಸೋದು? ಚುಮ್ಮಾ, ಸುಮ್ನೆ ಒಂದು ರಿಪೋರ್ಟಿಗೆ ಯಾರು ಕಾಸು ಕೊಡ್ತಾರೆ?"

ಮಾತು ನಿಜವೇ. ಆದರೆ ನನ್ನ ತಲೆಯಲ್ಲಿ ಆಗಲೇ ಹುಳ ಬಿಟ್ಟಿದ್ದಳು ತೇಜಶ್ರೀ. ಬೀಗ ಹಾಕಿದ ಮನೆಯಲ್ಲಿ ಕರೆಂಟ್ ಉರಿಸುವವರು ಯಾರು? ದೊಡ್ಡ ಕೊಳಗ ಕೊಡಿಸಿ ಸಂಘದ ಹೆಸರು ಕೆತ್ತಿಸಬೇಕೆಂದು ನಾವು ಹೆಂಗಸರು ಹಣ ಉಳಿಸಿದ್ದೆವು. ಗೆಳತಿಯರ ಮುಖ ನೋಡಿದೆ. ಎಲ್ಲರೂ ಹೂಂ ಎಂದರು.

"ಕೊಳಗ ಆಮೇಲೆ ಆಗ್ಲಿ. ಪರೀಕ್ಷೆಗೆ ನಾವು ಕೊಡ್ತೀವಿ" ಎಂದೆ.

ಮುಂದಿನ ಭಾನುವಾರ ತೇಜಶ್ರೀ ಯಂತ್ರಗಳು ಮತ್ತು ಇಬ್ಬರು ಸಹಾಯಕರ ಜೊತೆ ಬಂದಳು. ಮೊದಲು ಭವನದಲ್ಲಿ ಕಣ್ಣಿಗೆ ಕಂಡ ಎಲ್ಲ ಸ್ವಿಚ್ಚುಗಳನ್ನೂ ಆರಿಸಿದಳು. ಆಮೇಲೆ ನಮ್ಮನ್ನೆಲ್ಲ ಮೆಟ್ಟಿಲ ಕೆಳಗಿದ್ದ ಮೀಟರಿನ ಮುಂದೆ ನಿಲ್ಲಿಸಿದಳು. ಕರೆಂಟ್ ಖರ್ಚಾಗುವಾಗ ಮಾತ್ರ ಮಿಣುಕುವ ಕೆಂಪು ದೀಪ ಮಿಣುಕುತ್ತಲೇ ಇತ್ತು.

"ಇನ್ನುಂ ಎರಿಯುದು ಟೀಚರ್!" ಇನ್ನೂ ಉರಿಯುತ್ತಿದೆ ಎಂದು ಮಕ್ಕಳು ತಮಿಳಿನಲ್ಲಿ ಕೂಗಿದರು.

"ಮೀಟರ್ ಕೆಟ್ಟಿರ್ಬೇಕು" ಎಂದರು ಮಹಾಲಿಂಗಪ್ಪ.

"ಮೀಟರ್ ಸರಿಯಾಗಿದೆ ಅಂಕಲ್. ಏನೋ ಓಡ್ತಾ ಇದೆ."

ಹುಡುಕಾಟ ಶುರುವಾಯಿತು. ಮಹಡಿ ನೋಡಿದೆವು, ಊಟದ ಹಾಲ್ ನೋಡಿದೆವು. ಕೊನೆಗೆ ಉಗ್ರಾಣದ ಅಕ್ಕಿಮೂಟೆಗಳ ಹಿಂದೆ ಗುಂಯ್ ಎಂಬ ಸದ್ದು ಕೇಳಿಸಿತು. ಮೂಟೆ ಸರಿಸಿದರೆ ಸ್ಟೀಲಿನ ನೀರಿನ ಕೂಲರ್! ಕ್ಯಾನ್ ನೀರು ತರಿಸಲು ಶುರುಮಾಡಿದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಅದರ ಮೇಲೆ "ಮಾತೃಶ್ರೀ ಹುಚ್ಚಮ್ಮನವರ ಸ್ಮರಣಾರ್ಥ" ಎಂದಿತ್ತು. ಸ್ವಿಚ್ಚಿಗೆ ಟೇಪು ಸುತ್ತಿ "ಆರಿಸಬಾರದು" ಎಂದು ಬರೆದಿತ್ತು. ಅದು ಮಹಾಲಿಂಗಪ್ಪನವರ ಕೈಬರಹ.

ಅವರ ಮುಖ ಸಣ್ಣದಾಯಿತು. "ಅವ್ವನ ಹೆಸರಿಂದು. ನಿಲ್ಲಿಸೋಕೆ ಮನಸ್ಸು ಬರ್ಲಿಲ್ಲ. ಹನ್ನೊಂದು ವರ್ಷ ಆಯ್ತು."

ಗಿರಿಜಾದೇವಿ ಟೀಚರ್ ಹತ್ತಿರ ಬಂದರು. "ನಿಮ್ಮವ್ವ ನಂಗೆ ಚೆನ್ನಾಗಿ ಗೊತ್ತು. ಲೈಟ್ ಆರಿಸ್ದೆ ರೂಮಿಂದ ಆಚೆ ಬಂದ್ರೆ ನಂಗೂ ಬೈತಿದ್ರು. ಇದನ್ನ ನೋಡಿದ್ರೆ ನಿಮ್ಮನ್ನ ಸುಮ್ನೆ ಬಿಡ್ತಿದ್ರಾ?"

ಮಹಾಲಿಂಗಪ್ಪ ಕಣ್ಣೊರೆಸಿಕೊಂಡು, ತಾವೇ ಟೇಪು ಕಿತ್ತು ಸ್ವಿಚ್ ಆರಿಸಿದರು. ಮಕ್ಕಳು ಮೀಟರಿನತ್ತ ಓಡಿದರು.

"ನಿಂತೋಯ್ತು! ನಿಂತೋಯ್ತು!"

ಈ ಸಲ ಕನ್ನಡದಲ್ಲೇ ಕೂಗಿದರು.

ಎರಡು ವಾರದಲ್ಲಿ ವರದಿ ಬಂತು. ತಾರಸಿಗೆ ಬಿಳಿ ಬಣ್ಣ ಬಳಿಯಿರಿ, ಹಳೇ ಪಂಪು ಬದಲಾಯಿಸಿ ಎಂದಿತ್ತು. ಇನ್ನೊಂದು ಸಾಲು ಓದಿ ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಮಹಡಿಯಲ್ಲಿ ಸಮುದ್ರದ ಕಡೆಗೆ ನಾಲ್ಕು ಕಿಟಕಿಗಳಿವೆ, ಅವನ್ನು ಮುಚ್ಚಿರುವ ಹಲಗೆ ತೆಗೆಯಿರಿ ಎಂದಿತ್ತು. ಅದು ನಮ್ಮ ದಾನಿಗಳ ಹೆಸರಿನ ದೊಡ್ಡ ಬೋರ್ಡು! ಅವತ್ತೇ ಅದನ್ನು ಇಳಿಸಿದೆವು. ಮಧ್ಯಾಹ್ನ ಕಡಲ ಗಾಳಿ ಒಳಗೆ ನುಗ್ಗಿ ಮಕ್ಕಳ ಪುಸ್ತಕದ ಹಾಳೆಗಳನ್ನೆಲ್ಲ ಮಗುಚಿ ಹಾಕಿತು.

ಎ.ಸಿ. ಬೇಕಾಗಲಿಲ್ಲ, ಬಿಲ್ಲೂ ಇಳಿಯಿತು. ಕ್ಲಾಸ್ ನಿಲ್ಲಲಿಲ್ಲ. ಈಗ ಮಹಾಲಿಂಗಪ್ಪನವರು ಯಾವ ಭವನಕ್ಕೆ ಮದುವೆಗೆ ಹೋದರೂ ಊಟಕ್ಕೆ ಮೊದಲು ಮೀಟರ್ ಎಲ್ಲಿದೆ ಎಂದು ಕೇಳುತ್ತಾರೆ.

ಓದುತ್ತಿರುವ ಅಕ್ಕ, ಅಣ್ಣ, ನೀವೂ ಕೇಳಿ. ನಿಮ್ಮ ಭವನ, ಛತ್ರ, ಸಂಘದ ಕಟ್ಟಡ ಯಾವುದೇ ಇರಲಿ, ಒಂದು ದಿನ ಎಲ್ಲ ಸ್ವಿಚ್ ಆರಿಸಿ ಮೀಟರಿನ ಮುಂದೆ ಎರಡು ನಿಮಿಷ ನಿಂತುಕೊಳ್ಳಿ. ದೀಪ ಮಿಣುಕಿದರೆ ಯಾಕೆ ಎಂದು ಹುಡುಕಿ. ಹೊಸ ಯಂತ್ರಕ್ಕೆ ದಾನ ಕೊಡುವ ಮೊದಲು ಕಟ್ಟಡದ ಪರೀಕ್ಷೆಗೆ ಕೊಡಿ. ಅದರ ಮೇಲೆ ನಿಮ್ಮ ಹೆಸರು ಬರೆಸಲಾಗದು, ನಿಜ. ಆದರೆ ಈಗ ನಮ್ಮ ಮಹಡಿಯಲ್ಲಿ ಮತ್ತೆ ಇಪ್ಪತ್ತಾರು ಮಕ್ಕಳು ತಮ್ಮ ತಮ್ಮ ಹೆಸರನ್ನು ಕನ್ನಡದಲ್ಲಿ ಬರೆಯುತ್ತಿದ್ದಾರೆ. ನಮಗೆ ಅಷ್ಟು ಸಾಕು.